ದೀಕ್ಷಾಸ್ನಾನದ ಸೇವಕ ಯಾರು? ಆಂಗ್ಲಿಕನ್ ಬೋಧನೆಯ ಒಂದು ವಿಮರ್ಶೆ

ಪ್ರಶ್ನೆಯ ಹಿನ್ನೆಲೆ

ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದ ಯುವತಿಯೊಬ್ಬರು ಕಥೋಲಿಕ ಯುವಕನನ್ನು ವಿವಾಹವಾಗಲು ಬಯಸಿ, ತಮ್ಮ ದೀಕ್ಷಾಸ್ನಾನದ ಪ್ರಮಾಣಪತ್ರದೊಂದಿಗೆ ಧರ್ಮಕೇಂದ್ರದ ಕಚೇರಿಗೆ ಬರುತ್ತಾರೆ. ಕಥೋಲಿಕ ಧರ್ಮಸಭೆಯನ್ನು ಸೇರಲೂ ಅವರು ಸಿದ್ಧರಿದ್ದಾರೆ. ಗುರುಗಳು ಪತ್ರವನ್ನು ನೋಡಿ, ಯಾವ ವಿಚಾರಣೆಯನ್ನೂ ಮಾಡದೆ, "ಯಾವುದಕ್ಕೂ ಇರಲಿ" ಎಂದು ಮತ್ತೊಮ್ಮೆ ನೀರೆರೆಯುತ್ತಾರೆ. ಇಂಥ ಒಂದು ಸಂದರ್ಭವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ವಿಧಿ ಮುಗಿದ ಮೇಲೆ ಆ ಯುವತಿ ಕೇಳಿದ್ದು ಇಷ್ಟೇ: "ಫಾದರ್, ಹಾಗಾದರೆ ಇಷ್ಟು ವರ್ಷ ನಾನು ಕ್ರೈಸ್ತಳೇ ಆಗಿರಲಿಲ್ಲವೇ?" ಅಂದು ಅಲ್ಲಿದ್ದ ನಮ್ಮಲ್ಲಿ ಯಾರೂ ಅದಕ್ಕೆ ತಕ್ಕ ಉತ್ತರ ಕೊಡಲಿಲ್ಲ.

ದೀಕ್ಷಾಸ್ನಾನವನ್ನು ದೀಕ್ಷಾಸ್ನಾನವನ್ನಾಗಿ ಮಾಡುವುದು ಯಾವುದು? ನೀರು ಮತ್ತು ವಾಕ್ಯವೇ, ಅಥವಾ ಅವನ್ನು ಬಳಸುವ ಕೈಗೆ ದೊರೆತಿರುವ ಅಧಿಕಾರವೇ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಸಭೆ ಹದಿನಾರನೆಯ ಶತಮಾನದಿಂದ ಮುನ್ನೂರು ವರ್ಷಗಳ ಕಾಲ ಚರ್ಚಿಸಿತು. ಪ್ರಾರ್ಥನಾ ಪುಸ್ತಕದಲ್ಲಿ, ದೇವಶಾಸ್ತ್ರದ ಗ್ರಂಥಗಳಲ್ಲಿ, ಕಡೆಗೆ ನ್ಯಾಯಾಲಯಗಳಲ್ಲಿಯೂ ಅದು ವಾದಕ್ಕೆ ಬಂತು. ಸಿ.ಎಸ್.ಐ. ಸಭೆಯ ಒಂದು ಬೇರು ಆಂಗ್ಲಿಕನ್ ಪರಂಪರೆಯಲ್ಲಿರುವುದರಿಂದ ಈ ಚರ್ಚೆ ನಮಗೆ ದೂರದ್ದಲ್ಲ. ಈ ಬೋಧನೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ತಡವರಿಸಿದೆ, ಅದರಿಂದ ಕಥೋಲಿಕ ಗುರುಗಳಾದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಎರಡು ಬೇರೆ ಪ್ರಶ್ನೆಗಳು

ಮೊದಲು ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ದೀಕ್ಷಾಸ್ನಾನವನ್ನು ಯಾರು ಕೊಡತಕ್ಕದ್ದು ಎಂಬುದು ಒಂದು. ಯಾರು ಕೊಟ್ಟರೆ ಅದು ದೀಕ್ಷಾಸ್ನಾನವಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಧರ್ಮಸಭೆಯ ಸುವ್ಯವಸ್ಥೆಗೆ ಸಂಬಂಧಿಸಿದ್ದು. ಅದಕ್ಕೆ 'ವಿಹಿತ' ಎಂಬ ಪದವನ್ನು ಬಳಸೋಣ. ಎರಡನೆಯದು ಸಂಸ್ಕಾರದ ಇರವಿಗೇ ಸಂಬಂಧಿಸಿದ್ದು; ಅದಕ್ಕೆ 'ಸಿಂಧು' ಎಂಬ ಪದವಿರಲಿ. ವಿಹಿತವಲ್ಲದ್ದೆಲ್ಲ ಅಸಿಂಧುವಲ್ಲ. ಆಂಗ್ಲಿಕನ್ ಚರ್ಚೆಯ ಬಹುಪಾಲು ಕಷ್ಟಗಳು ಈ ಎರಡನ್ನು ಒಂದೆಂದು ಭಾವಿಸಿದ್ದರಿಂದಲೇ ಹುಟ್ಟಿದವು ಎಂಬುದು ನಮ್ಮ ವಾದ.

ಪ್ರಾಚೀನ ಸಭೆಯಲ್ಲೂ ಈ ಎಳೆತ ಇತ್ತು. ತೆರ್ತುಲಿಯನ್ ತನ್ನ ದೀಕ್ಷಾಸ್ನಾನ ಕುರಿತ ಗ್ರಂಥದಲ್ಲಿ ಆ ಹಕ್ಕು ಮೊದಲಿಗೆ ಧರ್ಮಾಧ್ಯಕ್ಷರದು, ಅನಂತರ ಅವರ ಅನುಮತಿಯಿಂದ ಯಾಜಕರದು ಮತ್ತು ಡೀಕನ್ನರದು ಎನ್ನುತ್ತಾನೆ. ಅಗತ್ಯ ಬಿದ್ದಾಗ ಶ್ರೀಸಾಮಾನ್ಯ ವಿಶ್ವಾಸಿಯೂ ಕೊಡಬಹುದೆಂದು ಒಪ್ಪಿ, ಸ್ತ್ರೀಯರಿಗೆ ಮಾತ್ರ ಅದನ್ನು ನಿರಾಕರಿಸುತ್ತಾನೆ. ಮೂರನೆಯ ಶತಮಾನದ ನಡುವಿನಲ್ಲಿ ಕಾರ್ಥೇಜಿನ ಸಂತ ಸಿಪ್ರಿಯನ್, ಧರ್ಮಸಭೆಯ ಹೊರಗೆ ದೀಕ್ಷಾಸ್ನಾನವೇ ಇಲ್ಲವೆಂದು ವಾದಿಸಿದರು. ರೋಮಿನ ಧರ್ಮಾಧ್ಯಕ್ಷ ಸಂತ ಸ್ತೇಫನ್, ಹೊರಗೆ ದೀಕ್ಷೆ ಪಡೆದು ಬಂದವರಿಗೆ ಅದನ್ನು ಪುನಃ ಕೊಡುವ ಪದ್ಧತಿಯನ್ನು ಒಪ್ಪಲಿಲ್ಲ. ಡೊನಾತಿಯರ ವಿರುದ್ಧ ಬರೆದ ಸಂತ ಆಗಸ್ಟೀನರು ಈ ವಿವಾದಕ್ಕೆ ದೇವಶಾಸ್ತ್ರದ ತಳಹದಿ ಹಾಕಿದರು: ಸೇವಕ ಯಾರೇ ಆಗಿರಲಿ, ದೀಕ್ಷಾಸ್ನಾನ ಕೊಡುವವರು ಕ್ರಿಸ್ತರೇ. ಈ ತಳಹದಿಯ ಮೇಲೆಯೇ ಸಂತ ಥಾಮಸ್ ಅಕ್ವಿನಾಸರು ಶ್ರೀಸಾಮಾನ್ಯರು, ಸ್ತ್ರೀಯರು, ಕಡೆಗೆ ದೀಕ್ಷಾಸ್ನಾನ ಪಡೆಯದವರು ಕೊಟ್ಟ ದೀಕ್ಷಾಸ್ನಾನವೂ ಸಿಂಧುವೆಂದು ಬೋಧಿಸಿದರು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಇದನ್ನೇ ಅರ್ಮೇನಿಯರಿಗಾಗಿ ಹೊರಡಿಸಿದ ಆಜ್ಞಾಪತ್ರದಲ್ಲಿ ಸೇರಿಸಿತು.

ಸೂಲಗಿತ್ತಿಯ ಪ್ರಮಾಣ

ಇಂಗ್ಲೆಂಡಿನ ಸಭೆ ರೋಮಿನಿಂದ ಬೇರ್ಪಟ್ಟ ಮೇಲೂ ಈ ವಿಷಯದಲ್ಲಿ ಹಳೆಯ ಪದ್ಧತಿಯನ್ನೇ ಮುಂದುವರಿಸಿತು. 1549ರ ಸಾಮಾನ್ಯ ಪ್ರಾರ್ಥನಾ ಪುಸ್ತಕ ಮತ್ತು ಅದರ ಮುಂದಿನ 1552, 1559ರ ಆವೃತ್ತಿಗಳು, ಮಗುವಿನ ಪ್ರಾಣಕ್ಕೆ ಅಪಾಯವಿದ್ದಾಗ ಮನೆಯಲ್ಲಿ ಸೇರಿದವರಲ್ಲಿ ಯಾರಾದರೊಬ್ಬರು ಮಗುವಿಗೆ ಹೆಸರಿಟ್ಟು ನೀರೆರೆಯಬಹುದೆಂದು ವಿಧಿಸಿದವು. ಆ ಮನೆಯಲ್ಲಿ ಅಂಥ ಹೊತ್ತಿನಲ್ಲಿ ಇರುತ್ತಿದ್ದವಳು ಸಾಮಾನ್ಯವಾಗಿ ಸೂಲಗಿತ್ತಿಯೇ. ಅದಕ್ಕಾಗಿಯೇ ಆಕೆಗೆ ಪರವಾನಗಿ ಕೊಡುವ ಅಧಿಕಾರ ಧರ್ಮಾಧ್ಯಕ್ಷರ ಕೈಯಲ್ಲಿತ್ತು. 1567ರಲ್ಲಿ ಎಲೀನರ್ ಪೀಡ್ ಎಂಬ ಸೂಲಗಿತ್ತಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಿಂದ ಪರವಾನಗಿ ಪಡೆಯುವಾಗ ಸ್ವೀಕರಿಸಿದ ಪ್ರಮಾಣ ನಮಗೆ ಉಳಿದುಬಂದಿದೆ. ಅಗತ್ಯದ ಹೊತ್ತಿನಲ್ಲಿ ದೀಕ್ಷಾಸ್ನಾನಕ್ಕೆ ರೂಢಿಯಲ್ಲಿರುವ ವಾಕ್ಯವನ್ನೇ ಬಳಸುವುದಾಗಿಯೂ, ಶುದ್ಧವಾದ ನೀರನ್ನಲ್ಲದೆ ಪನ್ನೀರನ್ನಾಗಲಿ ಏನನ್ನಾದರೂ ಬೆರೆಸಿದ ನೀರನ್ನಾಗಲಿ ಬಳಸುವುದಿಲ್ಲವೆಂದೂ ಆಕೆ ಪ್ರಮಾಣ ಮಾಡಿದಳು.

ಈ ಪ್ರಮಾಣವನ್ನು ಗಮನವಿಟ್ಟು ಓದಬೇಕು. ಅದರಲ್ಲಿ ನೀರು ಮತ್ತು ವಾಕ್ಯದ ಬಗ್ಗೆ ಎಷ್ಟು ಎಚ್ಚರವಿದೆಯೋ ನೀರೆರೆಯುವವಳ ಅಂತಸ್ತಿನ ಬಗ್ಗೆ ಅಷ್ಟು ಆತಂಕವಿಲ್ಲ. ಸಂಸ್ಕಾರದ ಸಾರ ಯಾವುದರಲ್ಲಿದೆ ಎಂಬುದನ್ನು ಆ ಕಾಲದ ಇಂಗ್ಲಿಷ್ ಸಭೆ ಸೂಲಗಿತ್ತಿಯ ಬಾಯಲ್ಲೇ ಹೇಳಿಸಿದೆ.

ಪ್ಯೂರಿಟನ್ ಪಂಥದವರಿಗೆ ಇದು ಹಿಡಿಸಲಿಲ್ಲ. ವಾಕ್ಯಸೇವೆಯೂ ಸಂಸ್ಕಾರವೂ ಒಂದೇ ಸೇವೆಯ ಎರಡು ಅಂಗಗಳೆಂದೂ, ಬೋಧಿಸಲು ಕರೆಯಿಲ್ಲದವರಿಗೆ ದೀಕ್ಷಾಸ್ನಾನ ಕೊಡಲೂ ಕರೆಯಿಲ್ಲವೆಂದೂ ಥಾಮಸ್ ಕಾರ್ಟ್‌ರೈಟ್ ವಾದಿಸಿದರು. ಅವರ ಒಂದು ಹೋಲಿಕೆ ಪ್ರಸಿದ್ಧವಾಯಿತು: ರಾಜಮುದ್ರೆಯನ್ನು ಕದ್ದು ಒತ್ತಿದ ಸನದಿಗೆ ಬೆಲೆಯಿಲ್ಲ; ಹಾಗೆಯೇ ಅಧಿಕಾರವಿಲ್ಲದವರು ಒತ್ತಿದ ದೀಕ್ಷೆಯ ಮುದ್ರೆಗೂ ಬೆಲೆಯಿಲ್ಲ.

1604ರ ಜನವರಿಯಲ್ಲಿ ಮೊದಲನೆಯ ಜೇಮ್ಸ್ ದೊರೆ ಕರೆದ ಹ್ಯಾಂಪ್ಟನ್ ಕೋರ್ಟ್ ಸಮಾವೇಶದಲ್ಲಿ ಈ ವಿಷಯ ಚರ್ಚೆಗೆ ಬಂತು. ಹಳೆಯ ವಿಧಿಸೂಚನೆ ಶ್ರೀಸಾಮಾನ್ಯರಿಗೆ ನಿಜವಾಗಿ ಅನುಮತಿ ಕೊಡುತ್ತದೆಯೇ ಎಂಬುದರ ಬಗ್ಗೆ ಅಲ್ಲಿದ್ದ ಧರ್ಮಾಧ್ಯಕ್ಷರಲ್ಲೇ ಒಮ್ಮತವಿರಲಿಲ್ಲ. ಪುಸ್ತಕವನ್ನು ರಚಿಸಿದವರ ಉದ್ದೇಶವೇ ಅನುಮತಿ ಕೊಡುವುದಾಗಿತ್ತೆಂದು ಲಂಡನ್ನಿನ ರಿಚರ್ಡ್ ಬ್ಯಾಂಕ್ರಾಫ್ಟ್ ಸ್ಪಷ್ಟವಾಗಿ ಹೇಳಿದರು. ದೊರೆಗೆ ಸ್ತ್ರೀಯರು ದೀಕ್ಷಾಸ್ನಾನ ಕೊಡುವುದು ಇಷ್ಟವಿರಲಿಲ್ಲ. ಕಡೆಗೆ ಸೂಚನೆ ಬದಲಾಯಿತು: ಧರ್ಮಕೇಂದ್ರದ ಸೇವಕನು, ಅವನಿಲ್ಲದಾಗ ದೊರೆಯುವ ಬೇರೆ ಯಾವನಾದರೂ ಅಧಿಕೃತ ಸೇವಕನು ದೀಕ್ಷಾಸ್ನಾನ ಕೊಡತಕ್ಕದ್ದು ಎಂದಾಯಿತು. 1662ರ ಪುಸ್ತಕ ಇದನ್ನು ಉಳಿಸಿಕೊಂಡಿತು.

ಈ ತಿದ್ದುಪಡಿ ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ನೋಡಬೇಕು. ಶ್ರೀಸಾಮಾನ್ಯರು ಕೊಟ್ಟ ದೀಕ್ಷಾಸ್ನಾನ ಇನ್ನು ವಿಹಿತವಲ್ಲ ಎಂದಿತು. ಅದು ಶೂನ್ಯ ಎಂದು ಎಲ್ಲಿಯೂ ಹೇಳಲಿಲ್ಲ. ಅದೇ ದೊರೆ ಅದೇ ಸಮಾವೇಶದಲ್ಲಿ, ಸ್ತ್ರೀಯರು ಅಥವಾ ಶ್ರೀಸಾಮಾನ್ಯರು ಕೊಟ್ಟಿದ್ದರೂ ಅದನ್ನು ಪುನಃ ಕೊಡುವುದಕ್ಕೆ ತನ್ನ ವಿರೋಧವಿದೆಯೆಂದು ಹೇಳಿದ್ದು ದಾಖಲಾಗಿದೆ. ಪ್ರಾರ್ಥನಾ ಪುಸ್ತಕವೂ, ಮನೆಯಲ್ಲಿ ದೀಕ್ಷೆ ಪಡೆದ ಮಗುವನ್ನು ಗುಡಿಗೆ ತಂದಾಗ ಯಾರು ಕೊಟ್ಟರೆಂದು ಕೇಳಿಸಿದರೂ, ಸಂಸ್ಕಾರಕ್ಕೆ ಅತ್ಯಗತ್ಯವಾದವು ಭಯದಿಂದಲೋ ಅವಸರದಿಂದಲೋ ಬಿಟ್ಟುಹೋಗಿರಬಹುದೆಂಬ ಕಾರಣ ಕೊಟ್ಟು ಕೇಳಿಸುವುದು ಎರಡೇ ಪ್ರಶ್ನೆಗಳನ್ನು: ಯಾವ ದ್ರವ್ಯದಿಂದ, ಯಾವ ವಾಕ್ಯದಿಂದ? ಹೀಗೆ ಒಂದೇ ವಿಧಿಯಲ್ಲಿ ವ್ಯವಸ್ಥೆಯ ಬಾಗಿಲು ಕಿರಿದಾಗಿದೆ, ಸಂಸ್ಕಾರದ ತಳಹದಿ ಹಾಗೆಯೇ ಉಳಿದಿದೆ. ಆದರೆ ಈ ಎರಡರ ಸಂಬಂಧವನ್ನು ಪುಸ್ತಕ ವಿವರಿಸಲಿಲ್ಲ. ಆ ಮೌನದಲ್ಲಿಯೇ ಮುಂದಿನ ವಿವಾದದ ಬೀಜವಿತ್ತು.

ಹೂಕರ್ ಅವರ ಉತ್ತರ

ಈ ಸಂಬಂಧವನ್ನು ವಿವರಿಸುವ ಸಾಮರ್ಥ್ಯವಿದ್ದ ಗ್ರಂಥ ಆ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿತ್ತು. ರಿಚರ್ಡ್ ಹೂಕರ್ ಅವರ ಧರ್ಮಸಭಾ ವ್ಯವಸ್ಥೆಯ ನಿಯಮಗಳನ್ನು ಕುರಿತ ಗ್ರಂಥದ ಐದನೆಯ ಭಾಗ 1597ರಲ್ಲಿ ಪ್ರಕಟವಾಗಿತ್ತು. ಅದರ 62ನೆಯ ಅಧ್ಯಾಯ ಸ್ತ್ರೀಯರು ಕೊಟ್ಟ ದೀಕ್ಷಾಸ್ನಾನ ನಿಜವಾದುದೇ ಎಂಬ ಪ್ರಶ್ನೆಗೇ ಮೀಸಲು. ಅವರ ವಾದದ ತಿರುಳು ಹೀಗಿದೆ: ದೀಕ್ಷಾಸ್ನಾನದ ಕೃಪೆ ದೇವರೊಬ್ಬರಿಂದಲೇ ಬರುವ ದಾನ. ಅದರ ಸೇವೆಯನ್ನು ದೇವರು ಕೆಲವರಿಗೆ ವಹಿಸಿರುವುದು ಸಭೆಯ ವ್ಯವಸ್ಥೆಗಾಗಿ. ಅವರ ಅಧಿಕಾರ ಸಂಸ್ಕಾರಕ್ಕೆ ಅಸ್ತಿತ್ವವನ್ನಾಗಲಿ ಬಲವನ್ನಾಗಲಿ ಕೊಡಲೆಂದಲ್ಲ. ಆದ್ದರಿಂದ ವ್ಯವಸ್ಥೆ ಮುರಿದವನಿಗೆ ದೋಷ ತಟ್ಟಬಹುದು. ಸ್ವೀಕರಿಸಿದ ಮಗುವಿಗೆ ನಷ್ಟವಾಗುವುದಿಲ್ಲ.

ಇದು ಆಗಸ್ಟೀನರ ಬೋಧನೆಯೇ, ಆದರೆ ವಿಹಿತ ಮತ್ತು ಸಿಂಧುಗಳ ನಡುವಿನ ಗೆರೆಯನ್ನು ಇನ್ನಷ್ಟು ಸ್ಪಷ್ಟವಾಗಿ ಎಳೆದಿರುವ ರೂಪ. ಕದ್ದ ಮುದ್ರೆಯ ಹೋಲಿಕೆಗೆ ನಾವು ಇದೇ ದಾರಿಯಲ್ಲಿ ಉತ್ತರಿಸಬಹುದು. ರಾಜನು ಮುದ್ರೆ ಒತ್ತುವ ಸ್ಥಳದಲ್ಲಿ ಇರುವುದಿಲ್ಲ. ಆದ್ದರಿಂದ ಅವನ ಇಚ್ಛೆಯನ್ನು ತಿಳಿಯಲು ಅಧಿಕಾರಿಯ ಮೂಲಕವಲ್ಲದೆ ಬೇರೆ ದಾರಿಯಿಲ್ಲ. ಕ್ರಿಸ್ತರು ಸಂಸ್ಕಾರದಿಂದ ದೂರವಿರುವ ಅರಸರಲ್ಲ. ತಮ್ಮ ವಾಗ್ದಾನದ ಪ್ರಕಾರ ಅವರು ಅಲ್ಲಿಯೇ ಇದ್ದು ತಾವೇ ಮುದ್ರೆ ಒತ್ತುತ್ತಾರೆ.

ಆದರೂ ಹೂಕರ್ ಅವರ ವಿವರಣೆಯಲ್ಲಿ ಒಂದು ಕೊರತೆ ನಮಗೆ ಕಾಣುತ್ತದೆ. ಸೇವಕನ ಅಧಿಕಾರ ವ್ಯವಸ್ಥೆಗಾಗಿ ಮಾತ್ರ ಎಂದಾಗ ವ್ಯವಸ್ಥೆ ಎಂಬುದು ಕೇವಲ ಅನುಕೂಲದ ಏರ್ಪಾಡೆಂಬ ಭಾವನೆ ಬರಬಹುದು. ಧರ್ಮಾಧ್ಯಕ್ಷ, ಯಾಜಕ ಅಥವಾ ಡೀಕನ್ ದೀಕ್ಷಾಸ್ನಾನ ಕೊಡುವಾಗ ಅದರಲ್ಲೊಂದು ಅರ್ಥವಿದೆ: ದೀಕ್ಷೆ ಪಡೆದವರು ಒಂದು ಗೋಚರ ಸಮುದಾಯಕ್ಕೆ, ಅದರ ಕುರುಬನ ಪಾಲನೆಗೆ ಸೇರುತ್ತಾರೆ. ಈ ಅರ್ಥ ಸಂಸ್ಕಾರದ ಅಸ್ತಿತ್ವಕ್ಕೆ ಷರತ್ತಲ್ಲ, ಆದರೆ ಅದರ ಪೂರ್ಣ ಸಂಕೇತಕ್ಕೆ ಸೇರಿದ್ದು. ಹೂಕರ್ ಇದನ್ನು ನಿರಾಕರಿಸುವುದಿಲ್ಲ; ಆದರೆ ಪ್ಯೂರಿಟನ್ನರೊಡನೆ ವಾದಿಸುವ ಭರದಲ್ಲಿ ಇದಕ್ಕೆ ಸಾಕಷ್ಟು ಒತ್ತು ಸಿಗಲಿಲ್ಲ.

ಲಾರೆನ್ಸ್ ಅವರ ವಾದ ಮತ್ತು ಅದರ ಅಪಾಯ

ಈ ಕೊರತೆಯನ್ನು ತುಂಬಲು ಹೊರಟು ಮತ್ತೊಂದು ತುದಿಗೆ ಹೋದವರು ರೋಜರ್ ಲಾರೆನ್ಸ್. ಇವರು ಶ್ರೀಸಾಮಾನ್ಯ ವಿಶ್ವಾಸಿ. ಶೈಶವದಲ್ಲಿ ತಮಗೆ ದೀಕ್ಷಾಸ್ನಾನ ಸಿಕ್ಕಿದ್ದು ಸ್ಥಾಪಿತ ಸಭೆಯಿಂದ ಹೊರಗಿದ್ದ ಭಿನ್ನಮತೀಯರಲ್ಲಿ ಎಂಬ ಅರಿವು ಅವರನ್ನು ಕಾಡಿತು. ಕಡೆಗೆ 1708ರಲ್ಲಿ ಲಂಡನ್ನಿನಲ್ಲಿ ಅವರು ಪುನಃ ದೀಕ್ಷಾಸ್ನಾನ ಪಡೆದರು. ಶ್ರೀಸಾಮಾನ್ಯರು ಕೊಟ್ಟ ದೀಕ್ಷಾಸ್ನಾನ ಅಸಿಂಧು ಎಂಬ ತಮ್ಮ ಗ್ರಂಥವನ್ನು ಅದೇ ವರ್ಷ ಪ್ರಕಟಿಸಿದರು. ಮತ್ತಾಯ 28:19ರಲ್ಲಿ ಕ್ರಿಸ್ತರು ನೀರನ್ನೂ ವಾಕ್ಯವನ್ನೂ ಮಾತ್ರ ಸ್ಥಾಪಿಸಲಿಲ್ಲ, ಪ್ರೇಷಿತರಿಗೆ ಆಜ್ಞೆ ಕೊಟ್ಟರು; ಆದ್ದರಿಂದ ಪ್ರೇಷಿತರ ಉತ್ತರಾಧಿಕಾರದಿಂದ ಬಂದ ಅಧಿಕಾರವೂ ಸಂಸ್ಕಾರದ ಅತ್ಯಗತ್ಯ ಅಂಗ ಎಂಬುದು ಅವರ ವಾದ. ಧರ್ಮಾಧ್ಯಕ್ಷರಿಂದ ಅಭಿಷೇಕ ಪಡೆಯದ ಪ್ರೆಸ್ಬಿಟೇರಿಯನ್ ಮತ್ತು ಸ್ವತಂತ್ರ ಸಭೆಗಳ ಬೋಧಕರೆಲ್ಲರೂ ಈ ದೃಷ್ಟಿಯಲ್ಲಿ ಶ್ರೀಸಾಮಾನ್ಯರೇ.

ಈ ಗ್ರಂಥ ದೊಡ್ಡ ಕೋಲಾಹಲ ಎಬ್ಬಿಸಿತು. ಅದಕ್ಕೆ ಉತ್ತರವಾಗಿ ಜೋಸೆಫ್ ಬಿಂಗ್‌ಹ್ಯಾಮ್ 1712ರಲ್ಲಿ ಪ್ರಾಚೀನ ಸಭೆಯ ಆಚರಣೆಯ ಚರಿತ್ರೆಯನ್ನೇ ಬರೆದರು. ಅದೇ ವರ್ಷ ಧರ್ಮಾಧ್ಯಕ್ಷರು, ನೀರಿನಿಂದ ತ್ರೈಯೇಕರ ನಾಮದಲ್ಲಿ ದೀಕ್ಷೆ ಪಡೆದವರಿಗೆ ಅದನ್ನು ಪುನಃ ಕೊಡಕೂಡದೆಂಬ ಘೋಷಣೆಯೊಂದನ್ನು ಸಿದ್ಧಪಡಿಸಿದರು. ಯಾಜಕ ಮಹಾಸಭೆಯ ಕೆಳಸದನ ಅದಕ್ಕೆ ಸಮ್ಮತಿ ಕೊಡಲಿಲ್ಲ. ಹೀಗೆ ಇಂಗ್ಲೆಂಡಿನ ಸಭೆ ಅಂದು ಅಧಿಕೃತವಾಗಿ ಏನನ್ನೂ ಹೇಳದೆ ಉಳಿಯಿತು. ಲಾರೆನ್ಸ್ ಮುಂದೆ, ಹೊಸ ರಾಜವಂಶಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸದೆ ಬೇರ್ಪಟ್ಟಿದ್ದ ಯಾಜಕರ ಗುಂಪನ್ನು ಸೇರಿ ಅಲ್ಲಿ ಧರ್ಮಾಧ್ಯಕ್ಷರೂ ಆದರು.

ಲಾರೆನ್ಸ್ ಅವರ ಪ್ರಾಮಾಣಿಕತೆಯನ್ನು ನಾವು ಗೌರವಿಸುತ್ತೇವೆ. ತಮ್ಮ ದೀಕ್ಷಾಸ್ನಾನ ನಿಜವೋ ಅಲ್ಲವೋ ಎಂದು ನಿದ್ದೆಗೆಟ್ಟವರ ಮೇಲೆ ನಗುವುದು ಸುಲಭ, ನ್ಯಾಯವಲ್ಲ. ಆದರೆ ಅವರ ವಾದ ಮೂರು ಕಡೆ ಸೋಲುತ್ತದೆ.

ಮೊದಲನೆಯದಾಗಿ, ಆಜ್ಞೆ ಯಾರಿಗೆ ಕೊಡಲಾಯಿತು ಎಂಬುದರಿಂದ ಆ ಕಾರ್ಯದ ಸಾರ ನಿರ್ಧಾರವಾಗುವುದಿಲ್ಲ. ಅದೇ ಆಜ್ಞೆಯಲ್ಲಿ ಬೋಧಿಸುವುದೂ ಸೇರಿದೆ. ತಾಯಿ ಮಗುವಿಗೆ ಕಲಿಸಿದ ವಿಶ್ವಾಸ, ಆಕೆ ಪ್ರೇಷಿತಳಲ್ಲವೆಂಬ ಕಾರಣಕ್ಕೆ ಸುಳ್ಳಾಗುವುದಿಲ್ಲ.

ಎರಡನೆಯದಾಗಿ, ಈ ವಾದ ತಾನು ಕಾಪಾಡಲು ಹೊರಟ ಉತ್ತರಾಧಿಕಾರವನ್ನೇ ಕಡಿಯುತ್ತದೆ. ದೀಕ್ಷಾಸ್ನಾನ ಪಡೆಯದವರು ಧರ್ಮಾಧ್ಯಕ್ಷರಾಗಲಾರರು. ಭಿನ್ನಮತೀಯ ಮನೆತನದಲ್ಲಿ ಹುಟ್ಟಿ ಬೆಳೆದ ಥಾಮಸ್ ಸೆಕರ್ 1758ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದರು. ಪ್ರೆಸ್ಬಿಟೇರಿಯನ್ ಮನೆತನದ ಜೋಸೆಫ್ ಬಟ್ಲರ್ ಡರ್ಹ್ಯಾಮಿನ ಧರ್ಮಾಧ್ಯಕ್ಷರಾಗಿದ್ದರು. ಅಂಥವರಿಗೆ ಶೈಶವದಲ್ಲಿ ದೀಕ್ಷೆ ಸಿಕ್ಕಿದ್ದು ತಮ್ಮ ಸಮುದಾಯದ ಬೋಧಕರಿಂದಾಗಿದ್ದರೆ, ಲಾರೆನ್ಸ್ ಅವರ ತರ್ಕದಂತೆ ಅವರ ಕೈಯಿಂದ ಅಭಿಷಿಕ್ತರಾದ ಯಾವ ಯಾಜಕನೂ ಯಾಜಕನಲ್ಲ, ಆ ಯಾಜಕರಿಂದ ದೀಕ್ಷೆ ಪಡೆದ ಯಾವ ಮಗುವೂ ಕ್ರೈಸ್ತನಲ್ಲ. ಎಲ್ಲೋ ಒಂದು ತೊಟ್ಟಿಲ ಬಳಿ ನಡೆದ ದೋಷ ಇಡೀ ಸಭೆಯ ಅಡಿಪಾಯವನ್ನು ಅಲ್ಲಾಡಿಸುತ್ತದೆ.

ಮೂರನೆಯದು ಪಾಲನಾ ಸೇವೆಗೆ ಸಂಬಂಧಿಸಿದ್ದು. ಜಾನ್ ವೆಸ್ಲಿ ತರುಣ ಯಾಜಕರಾಗಿ ಅಮೆರಿಕದ ಜಾರ್ಜಿಯಾದಲ್ಲಿದ್ದಾಗ ಇಂಥದೇ ನಿಲುವನ್ನು ತಳೆದು, ಯೋಹಾನ್ ಮಾರ್ಟಿನ್ ಬೋಲ್ಟ್ಸಿಯಸ್ ಎಂಬ ಲೂಥರನ್ ಪಾಲಕರಿಗೆ ಪ್ರಭುವಿನ ಭೋಜನವನ್ನು ನಿರಾಕರಿಸಿದರು. ಕಾರಣ, ಅವರ ದೀಕ್ಷಾಸ್ನಾನ ಧರ್ಮಾಧ್ಯಕ್ಷರಿಂದ ಅಭಿಷಿಕ್ತನಾದ ಸೇವಕನಿಂದ ಆಗಿರಲಿಲ್ಲ. ಹನ್ನೆರಡು ವರ್ಷಗಳ ಬಳಿಕ, 1749ರಲ್ಲಿ, ಅದೇ ಪಾಲಕರ ಸೌಜನ್ಯದ ಪತ್ರವೊಂದು ತಲುಪಿದಾಗ ವೆಸ್ಲಿ ತಮ್ಮ ಅಂದಿನ ಅತ್ಯುತ್ಸಾಹವನ್ನು ದಿನಚರಿಯಲ್ಲಿ ನೆನೆದು ಪಶ್ಚಾತ್ತಾಪಪಟ್ಟರು. ತತ್ತ್ವವೊಂದು ಸರಿಯೋ ತಪ್ಪೋ ಎಂಬುದು ಕೆಲವೊಮ್ಮೆ ಪೀಠದ ಮುಂದೆ ಮೊಣಕಾಲೂರಿದ ವ್ಯಕ್ತಿಯನ್ನು ಅದು ಏನು ಮಾಡುತ್ತದೆ ಎಂಬುದರಿಂದ ತಿಳಿಯುತ್ತದೆ.

ಸಮಾಧಿಯ ಬಳಿ ಬಂದ ತೀರ್ಪು

ಯಾಜಕ ಮಹಾಸಭೆ ಹೇಳದೆ ಬಿಟ್ಟದ್ದನ್ನು ಕಡೆಗೆ ನ್ಯಾಯಾಲಯ ಹೇಳಬೇಕಾಯಿತು. 1662ರ ಪುಸ್ತಕ ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ ಅಂತ್ಯಕ್ರಿಯೆಯ ವಿಧಿಯನ್ನು ನಿಷೇಧಿಸುತ್ತದೆ. ಇದನ್ನು ಹಿಡಿದು ಕೆಲವು ಪಾಲಕರು ಭಿನ್ನಮತೀಯರ ಮಕ್ಕಳನ್ನು ಹೂಳಲು ನಿರಾಕರಿಸಿದರು. ಸ್ವತಂತ್ರ ಸಭೆಯ ಬೋಧಕರಿಂದ ದೀಕ್ಷೆ ಪಡೆದ ಮಗುವಿನ ವಿಷಯದಲ್ಲಿ ಎದ್ದ ಕೆಂಪ್ ವಿರುದ್ಧ ವಿಕ್ಸ್ ಮೊಕದ್ದಮೆಯಲ್ಲಿ, ಆರ್ಚಸ್ ನ್ಯಾಯಾಲಯದ ಸರ್ ಜಾನ್ ನಿಕೋಲ್ 1809ರಲ್ಲಿ ಪಾಲಕರ ವಿರುದ್ಧ ತೀರ್ಪಿತ್ತರು. ಲಿಂಕನ್‌ಷೈರಿನ ಗೆಡ್ನಿಯಲ್ಲಿ ವೆಸ್ಲಿಯನ್ ಬೋಧಕರಿಂದ ದೀಕ್ಷೆ ಪಡೆದಿದ್ದ ಶಿಶುವನ್ನು ಹೂಳಲೊಪ್ಪದ ಪಾಲಕ ಎಸ್ಕಾಟ್ ಅವರ ಪ್ರಕರಣ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ, 1842ರಲ್ಲಿ ಲಾರ್ಡ್ ಬ್ರೂಮ್ ಅವರ ತೀರ್ಪಿನಿಂದ ಕೊನೆಗೊಂಡಿತು. ತರ್ಕ ಸರಳವಾಗಿತ್ತು: ಸುಧಾರಣೆಗೆ ಮುಂಚಿನ ನಿಯಮದಂತೆ ಇಂಥ ದೀಕ್ಷಾಸ್ನಾನ ಸಿಂಧು, ಅದನ್ನು ರದ್ದುಪಡಿಸಬೇಕಾದರೆ ಸ್ಪಷ್ಟವಾದ ಮಾತು ಬೇಕು, 1604ರ ಬದಲಾವಣೆಯಲ್ಲಾಗಲಿ 1662ರ ಪುಸ್ತಕದಲ್ಲಾಗಲಿ ಅಂಥ ಮಾತಿಲ್ಲ.

ನ್ಯಾಯಾಧೀಶರು ತಲುಪಿದ್ದು ಹೂಕರ್ ಅವರ ತೀರ್ಮಾನವನ್ನೇ. ಆದರೆ ಸಂಸ್ಕಾರದ ದೇವಶಾಸ್ತ್ರವನ್ನು ಸಮಾಧಿಯ ಹಕ್ಕಿನ ಮೊಕದ್ದಮೆ ನಿರ್ಧರಿಸಬೇಕಾಗಿ ಬಂದದ್ದು ಒಂದು ಸಭೆಗೆ ಶೋಭೆಯಲ್ಲ. ಬೋಧಿಸಬೇಕಾದವರು ಮೌನ ತಾಳಿದರೆ ಉತ್ತರ ಬೇರೆಡೆಯಿಂದ ಬರುತ್ತದೆ. ಅದರ ಬೆಲೆಯನ್ನು ಅಷ್ಟರಲ್ಲಿ ಮಗುವನ್ನು ಕಳೆದುಕೊಂಡ ತಂದೆತಾಯಿ ತೆರಬೇಕಾಗುತ್ತದೆ.

ದಕ್ಷಿಣ ಭಾರತದ ಸಾಕ್ಷ್ಯ

ಗೆಡ್ನಿಯ ಪ್ರಕರಣ ಕನ್ನಡ ನೆಲಕ್ಕೂ ಸಂಬಂಧಿಸಿದ್ದು. ಅದೇ ಕಾಲದಲ್ಲಿ ಅದೇ ವೆಸ್ಲಿಯನ್ ಸಂಸ್ಥೆಯ ಮಿಷನರಿಗಳು ಬೆಂಗಳೂರು ಮತ್ತು ಮೈಸೂರು ಸೀಮೆಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದರು. ಎಸ್ಕಾಟ್ ಅವರ ನಿಲುವು ಗೆದ್ದಿದ್ದರೆ, ಆ ಕನ್ನಡ ಕ್ರೈಸ್ತರೆಲ್ಲರೂ ಆಂಗ್ಲಿಕನ್ ದೃಷ್ಟಿಯಲ್ಲಿ ದೀಕ್ಷೆ ಇಲ್ಲದವರಾಗುತ್ತಿದ್ದರು.

ಇದಕ್ಕೂ ಹಿಂದೆ, ಲಾರೆನ್ಸ್ ಅವರ ಗ್ರಂಥ ಲಂಡನ್ನಿನಲ್ಲಿ ಚರ್ಚೆಯಾಗುತ್ತಿದ್ದ ಕಾಲದಿಂದಲೇ, ಇಂಗ್ಲೆಂಡಿನ ಸಭೆಯ ಎಸ್.ಪಿ.ಸಿ.ಕೆ. ಸಂಸ್ಥೆ ದಕ್ಷಿಣ ಭಾರತದ ಲೂಥರನ್ ಮಿಷನರಿಗಳಿಗೆ ನೆರವು ನೀಡತೊಡಗಿತ್ತು. ತಿರುಚಿನಾಪಳ್ಳಿ ಮತ್ತು ತಂಜಾವೂರುಗಳಲ್ಲಿ ಅದರ ಆಶ್ರಯದಲ್ಲಿ ದುಡಿದ ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ಆಂಗ್ಲಿಕನ್ ಅಭಿಷೇಕ ಪಡೆದವರಲ್ಲ. ತಾಯ್ನಾಡಿನಲ್ಲಿ ವಾದಕ್ಕೆ ಸಿಲುಕಿದ್ದ ಪ್ರಶ್ನೆಗೆ ಈ ನೆಲದಲ್ಲಿ ಆಚರಣೆಯೇ ಉತ್ತರ ಕೊಟ್ಟಿತ್ತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯ್ಯುಕ್ತ ಸಭೆಗಳು ಒಂದಾದಾಗ ಈ ಉತ್ತರ ಪೂರ್ಣವಾಯಿತು. ಅಂದು ವಿವಾದಕ್ಕೊಳಗಾದದ್ದು ಧರ್ಮಾಧ್ಯಕ್ಷರಿಂದ ಅಭಿಷೇಕ ಪಡೆಯದ ಸೇವಕರ ಸ್ಥಾನ. ಅಂಥ ಸೇವಕರಿಂದ ವಿಶ್ವಾಸಿಗಳು ಪಡೆದಿದ್ದ ದೀಕ್ಷಾಸ್ನಾನವನ್ನು ಮತ್ತೆ ಕೊಡಬೇಕೆಂಬ ಷರತ್ತು ಆ ಐಕ್ಯದಲ್ಲಿ ಇರಲಿಲ್ಲ. 1888ರ ಲ್ಯಾಂಬೆತ್ ಸಮ್ಮೇಳನವೂ ದೀಕ್ಷಾಸ್ನಾನಕ್ಕೆ ಕ್ರಿಸ್ತರ ವಾಕ್ಯ ಮತ್ತು ಅವರು ನೇಮಿಸಿದ ದ್ರವ್ಯವನ್ನು ಹೇಳಿ, ಧರ್ಮಾಧ್ಯಕ್ಷೀಯ ಪರಂಪರೆಯನ್ನು ಬೇರೆಯೇ ಅಂಶವಾಗಿ ಎಣಿಸಿತ್ತು.

ಇಂದಿನ ವಿಧಿಗಳು: ಎರಡು ಪ್ರಶ್ನೆಗಳು

ಇಂದು ಇಂಗ್ಲೆಂಡಿನ ಸಭೆಯ ಹೊಸ ಆರಾಧನಾ ವಿಧಿ, ತುರ್ತು ಸಂದರ್ಭದಲ್ಲಿ ಶ್ರೀಸಾಮಾನ್ಯರು ದೀಕ್ಷಾಸ್ನಾನ ಕೊಡಬಹುದೆಂದೂ ಬಳಿಕ ಪಾಲಕರಿಗೆ ತಿಳಿಸಬೇಕೆಂದೂ ಹೇಳುತ್ತದೆ. ಎಲೀನರ್ ಪೀಡ್ ಮರಳಿ ಬಂದಿದ್ದಾಳೆ. ಅಮೆರಿಕದ ಎಪಿಸ್ಕೋಪಲ್ ಸಭೆಯ 1979ರ ಪುಸ್ತಕ ಇದೇ ಅನುಮತಿಯನ್ನು ದೀಕ್ಷಾಸ್ನಾನ ಪಡೆದ ಯಾರಿಗಾದರೂ ಕೊಡುತ್ತದೆ.

ಇಲ್ಲಿ ಎರಡು ಪ್ರಶ್ನೆಗಳು ಉಳಿಯುತ್ತವೆ. ಮೊದಲನೆಯದು: ದೀಕ್ಷೆ ಪಡೆದವರು ಮಾತ್ರ ಎಂಬುದು ವ್ಯವಸ್ಥೆಯ ಮಾತೋ, ಸಂಸ್ಕಾರದ ಸಾರದ ಮಾತೋ? ಹೆರಿಗೆ ಕೋಣೆಯಲ್ಲಿ ಹಿಂದೂ ಅಥವಾ ಮುಸ್ಲಿಂ ದಾದಿಯೊಬ್ಬಳು, ತಾಯಿಯ ಕೋರಿಕೆಯಂತೆ, ಕ್ರೈಸ್ತರು ಮಾಡುವುದನ್ನೇ ಮಾಡುವ ಸಂಕಲ್ಪದಿಂದ ನೀರೆರೆದು ವಾಕ್ಯ ಹೇಳಿದರೆ ಏನೆಂದು ಆ ವಿಧಿಸೂಚನೆ ಹೇಳುವುದಿಲ್ಲ. ಲತೀನ್ ಧರ್ಮಸಂಹಿತೆಯ 861ನೆಯ ವಿಧಿಯಂತೆ, ಅಗತ್ಯದ ಹೊತ್ತಿನಲ್ಲಿ ಸರಿಯಾದ ಸಂಕಲ್ಪವುಳ್ಳ ಯಾರೇ ಆದರೂ ಕೊಡಬಹುದು. ಆದರೆ ಇದನ್ನು ಹೇಳುವಾಗ ನಾವು ಬೀಗಬಾರದು. ಮಂಡ್ಯ, ಭದ್ರಾವತಿ, ಬೆಳ್ತಂಗಡಿಗಳ ಸಿರೋ-ಮಲಬಾರ್ ಧರ್ಮಕ್ಷೇತ್ರಗಳಿಗೆ ಅನ್ವಯಿಸುವ ಪೌರಸ್ತ್ಯ ಧರ್ಮಸಂಹಿತೆಯ 677ನೆಯ ವಿಧಿಯೂ ತುರ್ತಿನಲ್ಲಿ ಕ್ರೈಸ್ತ ವಿಶ್ವಾಸಿಯನ್ನೇ ಹೆಸರಿಸುತ್ತದೆ. ದೀಕ್ಷಾಸ್ನಾನ ಧರ್ಮಸಭೆಯ ಕಾರ್ಯವಾದ್ದರಿಂದ ಅದರ ಸದಸ್ಯರೇ ಅದನ್ನು ಮಾಡುವುದು ಸೂಕ್ತವೆಂಬ ಭಾವನೆಗೆ ತನ್ನದೇ ತೂಕವಿದೆ. ಸೂಕ್ತವಾದದ್ದನ್ನು ಅತ್ಯಗತ್ಯವೆಂದು ಬೋಧಿಸಿದಾಗ ಮಾತ್ರ ಲಾರೆನ್ಸ್ ಅವರ ದಾರಿ ಮತ್ತೆ ತೆರೆಯುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಆಳದ್ದು. ಮಗುವಿನ ಅಂತಿಮ ರಕ್ಷಣೆಯಾಗಲಿ ಕ್ರೈಸ್ತ ಅಂತ್ಯಕ್ರಿಯೆಯಾಗಲಿ ದೀಕ್ಷಾಸ್ನಾನವನ್ನು ಅವಲಂಬಿಸಿಲ್ಲವೆಂದು ತಂದೆತಾಯಿಗೆ ಭರವಸೆ ಕೊಡಬೇಕೆಂದು ಇಂಗ್ಲೆಂಡಿನ ವಿಧಿ ಸೂಚಿಸುತ್ತದೆ. ಹಾಗಿದ್ದರೆ ತುರ್ತು ಎಂಬುದೇಕೆ? ಹಿಂದೆ ಸೂಲಗಿತ್ತಿಯ ಕೈಗೆ ಅನುಮತಿ ಕೊಟ್ಟಿದ್ದು ಮಗು ಕಳೆದುಹೋಗುವ ಭಯ; ಆ ಭಯ ಹೋದ ಮೇಲೆ ಅನುಮತಿಗೆ ಆಧಾರವೇನು? ಈ ಪ್ರಶ್ನೆ ನಮ್ಮದೂ ಹೌದು. ದೀಕ್ಷೆಯಿಲ್ಲದೆ ತೀರಿಕೊಂಡ ಶಿಶುಗಳ ಬಗ್ಗೆ ಭರವಸೆ ಇಡಲು ಕಾರಣಗಳಿವೆಯೆಂದು ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವೂ 2007ರಲ್ಲಿ ಹೇಳಿದೆ. ನಮ್ಮ ಉತ್ತರ ಇದು: ದೀಕ್ಷಾಸ್ನಾನ ಶಿಕ್ಷೆಯಿಂದ ತಪ್ಪಿಸುವ ವಿಮೆಯಲ್ಲ, ಕ್ರಿಸ್ತರು ತಮ್ಮ ಕೈಯಾರೆ ಕೊಡುವ ಮಕ್ಕಳ ಹಕ್ಕು. ಆ ಹಕ್ಕನ್ನು ಒಂದು ದಿನವೇ ಬದುಕುವ ಮಗುವಿಗೆ ಕೊಡಲು ಅವಸರ ಮಾಡುವುದು ದೇವರ ಕರುಣೆಯ ಮೇಲಿನ ಅನುಮಾನದಿಂದಲ್ಲ, ಆ ಕರುಣೆ ಕಣ್ಣಿಗೆ ಕಾಣುವಂತಾಗಲೆಂಬ ಪ್ರೀತಿಯಿಂದ. ಆಂಗ್ಲಿಕನ್ ವಿಧಿ ಭಯವನ್ನು ತೆಗೆದಿದೆ, ಅದು ಒಳ್ಳೆಯದು. ಭಯದ ಜಾಗದಲ್ಲಿ ಈ ಕಾರಣವನ್ನು ಇಡಬೇಕಾಗಿದೆ.

ನಮ್ಮ ಮನೆಯ ಪರೀಕ್ಷೆ

1896ರಲ್ಲಿ ಹದಿಮೂರನೆಯ ಲಿಯೋ ಪೋಪ್ ಆಂಗ್ಲಿಕನ್ ಯಾಜಕಾಭಿಷೇಕಗಳು ಶೂನ್ಯವೆಂದು ತೀರ್ಮಾನಿಸಿದರು. ಆದರೂ ಅದೇ ಆಂಗ್ಲಿಕನ್ ಸೇವಕರು ಕೊಟ್ಟ ದೀಕ್ಷಾಸ್ನಾನವನ್ನು ಸಿಂಧುವೆಂದೇ ನಮ್ಮ ಧರ್ಮಸಭೆ ಎಣಿಸುತ್ತದೆ. ಇದು ವಿರೋಧಾಭಾಸವಲ್ಲ. ದೀಕ್ಷಾಸ್ನಾನ ಯಾಜಕತ್ವವನ್ನು ಅವಲಂಬಿಸಿಲ್ಲ ಎಂಬ ಒಂದೇ ಕಾರಣದಿಂದ ಇದು ಸಾಧ್ಯವಾಗಿದೆ. ನಾವು ಲಾರೆನ್ಸ್ ಅವರ ತತ್ತ್ವವನ್ನು ಒಪ್ಪಿದ್ದರೆ ಆಂಗ್ಲಿಕನ್ನರೊಡನೆ ನಮಗೆ ಯಾವ ಸಂಸ್ಕಾರದ ನಂಟೂ ಉಳಿಯುತ್ತಿರಲಿಲ್ಲ.

ಆದರೆ ಆಚರಣೆಯಲ್ಲಿ ನಾವು ಆ ತತ್ತ್ವಕ್ಕೆ ಎಷ್ಟೋ ಬಾರಿ ಬಾಗಿದ್ದೇವೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಥೋಲಿಕ ಸಭೆಗೆ ಬಂದವರಿಗೆ ಷರತ್ತುಬದ್ಧ ದೀಕ್ಷಾಸ್ನಾನ ಕೊಡುವುದು ರೂಢಿಯಾಗಿತ್ತು. 1967ರ ಐಕ್ಯ ನಿರ್ದೇಶಿಕೆ ವಿಚಾರಣೆಯಿಲ್ಲದೆ ಹಾಗೆ ಮಾಡುವುದನ್ನು ತಡೆಯಿತು. ಧರ್ಮಸಂಹಿತೆಯ 869ನೆಯ ವಿಧಿ ಇದನ್ನೇ ನಿಯಮವಾಗಿಸಿದೆ: ದ್ರವ್ಯ, ವಾಕ್ಯ ಮತ್ತು ಸಂಕಲ್ಪವನ್ನು ಪರಿಶೀಲಿಸಿದ ಮೇಲೂ ಸಿಂಧುತ್ವದ ಬಗ್ಗೆ ಗಂಭೀರ ಸಂದೇಹ ಉಳಿದರೆ ಮಾತ್ರ ಷರತ್ತುಬದ್ಧ ದೀಕ್ಷೆ. "ಯಾವುದಕ್ಕೂ ಇರಲಿ" ಎಂಬುದು ಗಂಭೀರ ಸಂದೇಹವಲ್ಲ. ಹಾಗೆ ಎರೆದ ನೀರು ಹಿಂದೆ ಕ್ರಿಸ್ತರು ಮಾಡಿದ್ದನ್ನು ನಂಬಲಾರೆವು ಎಂದು ಹೇಳುತ್ತದೆ.

2020ರ ಆಗಸ್ಟ್‌ನಲ್ಲಿ ವಿಶ್ವಾಸ ಬೋಧನಾ ಪೀಠ ಪ್ರಕಟಿಸಿದ ಉತ್ತರವನ್ನೂ ಇಲ್ಲಿ ನೆನೆಯಬೇಕು. 'ನಾನು' ಎಂಬುದರ ಬದಲು 'ನಾವು' ನಿನಗೆ ದೀಕ್ಷಾಸ್ನಾನ ಕೊಡುತ್ತೇವೆ ಎಂದು ಹೇಳಿ ಕೊಟ್ಟದ್ದು ಅಸಿಂಧು, ಹಾಗೆ ಪಡೆದವರಿಗೆ ಅದನ್ನು ಹೊಸದಾಗಿ ಕೊಡಬೇಕು ಎಂದು ಅದು ತಿಳಿಸಿತು. ಅಂದರೆ ವಿಧಿವತ್ತಾಗಿ ಅಭಿಷಿಕ್ತನಾದ ಕಥೋಲಿಕ ಯಾಜಕ ವಾಕ್ಯವನ್ನು ತನ್ನಿಷ್ಟದಂತೆ ಬದಲಿಸಿದರೆ ಅದು ದೀಕ್ಷಾಸ್ನಾನವಾಗುವುದಿಲ್ಲ. ಓದುಬರಹ ಬಾರದ ಸೂಲಗಿತ್ತಿ ಸರಿಯಾಗಿ ಹೇಳಿದರೆ ಆಗುತ್ತದೆ. ಅಭಿಷೇಕವಿರುವ ನಮಗೆ ಇದು ವಿನಯದ ಪಾಠ.

ಗುರುಮಠದಲ್ಲಿ ಸಿದ್ಧರಾಗುತ್ತಿರುವವರಿಗೆ ನಮ್ಮ ಸಲಹೆ ಮೂರು. ಬೇರೆ ಸಭೆಯಿಂದ ಬಂದವರ ದೀಕ್ಷಾಸ್ನಾನದ ಬಗ್ಗೆ ವಿಚಾರಿಸುವಾಗ ಕೊಟ್ಟವರು ಯಾರೆಂಬುದಕ್ಕಿಂತ ಮೊದಲು ನೀರು ಮತ್ತು ವಾಕ್ಯದ ಬಗ್ಗೆ ಕೇಳಿ. ಉತ್ತರ ಸಮಾಧಾನಕರವಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ನಿಮ್ಮ ಧರ್ಮಕೇಂದ್ರದ ದಾದಿಯರಿಗೂ ತಾಯಂದಿರಿಗೂ ತುರ್ತು ದೀಕ್ಷಾಸ್ನಾನ ಕೊಡುವ ಕ್ರಮವನ್ನು ಕಲಿಸಿ. 861ನೆಯ ವಿಧಿ ಇದನ್ನು ಪಾಲಕರ ಕರ್ತವ್ಯವೆನ್ನುತ್ತದೆ, ಆದರೆ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಮಾಡಿದ್ದೇವೆ? ಕಡೆಯದಾಗಿ, ನಿಮ್ಮ ಕೈಯ ಅಭಿಷೇಕವನ್ನು ಗೌರವಿಸಿ, ಆದರೆ ಕ್ರಿಸ್ತರ ಕೈ ಅದಕ್ಕಿಂತ ಉದ್ದವೆಂಬುದನ್ನು ಮರೆಯದಿರಿ.

ಅಂದು ಆ ಯುವತಿಗೆ ನಾವು ಕೊಡಬೇಕಿದ್ದ ಉತ್ತರ ಚಿಕ್ಕದು: ಇಲ್ಲಮ್ಮಾ, ನೀವು ಮೊದಲ ದಿನದಿಂದಲೂ ಕ್ರೈಸ್ತರೇ, ಅಂದು ನಿಮಗೆ ದೀಕ್ಷೆ ಕೊಟ್ಟವರು ಕ್ರಿಸ್ತರು, ತಪ್ಪಿದ್ದು ಇಂದು ನಾವು.